ನಮ್ಮ ವಂಶಾವಳಿ ಹೆಳವರ ಹತ್ತಿರ ಇದೆ

ಮುತ್ತಜ್ಜನ ಹೆಸರು ನನಗೆ ಗೊತ್ತು. ಅವರಪ್ಪನ ಹೆಸರು ಕೇಳಿದರೆ ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಳ್ಳುತ್ತೇವೆ. ಅದು ಗೊತ್ತಿರುವುದು ಹೆಳವರಿಗೆ. ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ಬೆಳೆದವರಿಗೆ ಇವರ ಪರಿಚಯ ಬೇಕಿಲ್ಲ. ಬೆಂಗಳೂರಿನ ಗೆಳತಿಯರಿಗೆ ಮಾತ್ರ ಬಿಡಿಸಿ ಹೇಳಬೇಕು: ಊರೂರು ತಿರುಗುತ್ತಾ ಮನೆತನಗಳ ವಂಶಾವಳಿ ಓದಿ, ಹೊಸ ಹೆಸರು ಬರೆದುಕೊಂಡು, ಕಾಳು-ಕಾಸು ಪಡೆದು ಮುಂದೆ ಹೋಗುವವರು.

ಮೊದಲೆಲ್ಲ ಎತ್ತಿನ ಮೇಲೆ ಬರುತ್ತಿದ್ದರು. ಗಂಟೆ ಸದ್ದು ಕೇಳಿದರೆ ಅಜ್ಜಿ ಮೊರದಲ್ಲಿ ಜೋಳ ತೆಗೆದಿಡುತ್ತಿದ್ದಳು. ನಮ್ಮ ಮನೆಗೆ ಈಗ ಬರುವವರದು ಬೈಕು. ಬರುವುದು ಮಾತ್ರ ಸುಗ್ಗಿ ಮುಗಿದ ಮೇಲೆಯೇ, ಮನೆಯಲ್ಲಿ ಕಾಳಿರಬೇಕಲ್ಲ! ಯಾವ ಹೆಳವರಿಗೆ ಯಾವ ಮನೆತನ ಅನ್ನುವುದು ಹಿರಿಯರಿಂದ ಬಂದದ್ದು. "ನಿಮಗ ಹೊಲ ಹೆಂಗೋ ನಮಗ ಮನೆತನ ಹಂಗ. ಅಣ್ತಮ್ಮರು ಬ್ಯಾರೆ ಆದ್ರ ಮನೆತನಾನೂ ಹಂಚ್ಕೋತೀವ್ರಿ" ಅಂದರು ನಮ್ಮ ಹೆಳವರು.

ಹಿಂದೆ ತಾಳೆಗರಿ, ತಾಮ್ರದ ತಗಡು ಇದ್ದವಂತೆ. ನಾನು ನೋಡಿದ್ದು ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕ. ಓದುವುದು ರಾಗವಾಗಿ, ಒಂದೇ ಉಸಿರಿಗೆ. ಮೂಲಪುರುಷ, ಮೂಲ ಊರು, ಮನೆದೇವರು, ಯಾರಿಗೆ ಯಾರು ಮಕ್ಕಳು. ನಮ್ಮ ಪುಟದಲ್ಲಿ ಇಸವಿ ಇಲ್ಲ. ನಮ್ಮವರು ಮೂಲ ಊರು ಬಿಟ್ಟದ್ದು "ಧಾತು ಸಂವತ್ಸರದ ಬರದಾಗ" ಅಂತಿದೆ, ಅಷ್ಟೇ. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅಲ್ವಾ? ಧಾತು ಅಂದರೆ 1936 ಇರಬಹುದು, 1876 ಇರಬಹುದು. 1936ರಲ್ಲಿ ನಮ್ಮಜ್ಜ ಇದೇ ಊರಿನ ಶಾಲೆಗೆ ಹೋಗುತ್ತಿದ್ದರು. ಹಾಗಾಗಿ 1876. 1878ರವರೆಗೂ ದಖ್ಖನ್, ಮೈಸೂರು, ಮದ್ರಾಸ್ ಸೀಮೆಗಳಲ್ಲಿ ಲಕ್ಷಾಂತರ ಜನರನ್ನು ನುಂಗಿದ ಬರ ಅದು. ಶಾಲೆಯಲ್ಲಿ ಅದನ್ನು ಪರೀಕ್ಷೆಗಾಗಿ ಉರು ಹೊಡೆದಿದ್ದೆ. ಆ ಬರದಲ್ಲಿ ನಮ್ಮ ಮನೆಯವನೊಬ್ಬ ಎರಡು ಮಕ್ಕಳನ್ನು ಕಟ್ಟಿಕೊಂಡು ನದಿ ದಾಟಿದ್ದ ಅನ್ನುವುದು ಯಾವ ಪಾಠದಲ್ಲೂ ಇರಲಿಲ್ಲ.

ನನ್ನದೊಂದು ತಕರಾರೂ ಇದೆ. ನಮ್ಮ ಪುಟದಲ್ಲಿ ಹೆಣ್ಣುಮಕ್ಕಳಿಲ್ಲ. ತಮ್ಮ ಇದ್ದಾನೆ, ನಾನಿಲ್ಲ. ಕೇಳಿಯೇ ಬಿಟ್ಟೆ. "ಬರಿ ಅಂದ್ರ ಬರೀತೀನಿ ಯವ್ವಾ, ಇಷ್ಟ್ ದಿನ ಯಾರೂ ಹೇಳಿಲ್ಲ" ಅಂದು ಕಾಕಾನ ಮುಖ ನೋಡಿದರು. ಕಾಕಾ ಎಲೆ-ಅಡಿಕೆ ತರಲು ಒಳಗೆ ಹೋದ.

ಇಷ್ಟೆಲ್ಲ ಮನೆತನಗಳ ದಾಖಲೆ ಇಟ್ಟುಕೊಂಡವರು ಮಗನ ಜಾತಿ ಪ್ರಮಾಣಪತ್ರಕ್ಕೆ ಕಚೇರಿಗೆ ಅಲೆದು ಸುಸ್ತಾಗಿದ್ದರು. ಕಾಯಂ ವಿಳಾಸದ ಪುರಾವೆ ತನ್ನಿ ಅಂದರಂತೆ. ವರ್ಷದಲ್ಲಿ ಜಾಸ್ತಿ ದಿನ ಗುಡಾರದಲ್ಲಿ ಕಳೆಯುವವರು ಎಲ್ಲಿಂದ ತರಬೇಕು? ಮಗ ಹಾಸ್ಟೆಲ್‌ನಲ್ಲಿದ್ದಾನೆ, ಈ ಕೆಲಸಕ್ಕೆ ಬರುವುದಿಲ್ಲ ಅಂದಿದ್ದಾನೆ. ಅವನದು ತಪ್ಪು ಅಂತ ನನಗನಿಸುವುದಿಲ್ಲ. ಗುಡಾರದಲ್ಲಿ ಮಲಗಿ ನಮ್ಮ ಅಜ್ಜಂದಿರ ಹೆಸರು ಕಾಯಿ ಅಂತ ಪಕ್ಕಾ ಮನೆಯಲ್ಲಿ ಕೂತ ನಾನು ಹೇಗೆ ಹೇಳಲಿ?

ಪುಣೆಯಲ್ಲಿರುವ ನನ್ನ ತಮ್ಮ ಮಾತ್ರ ಫೋನಿನಲ್ಲಿ ಬೇರೆಯೇ ದಾರಿ ಹೇಳಿದ. "ವಿಡಿಯೋ ಕಾಲ್‌ನ್ಯಾಗ ಓದ್ರಿ, ನಾವೆಲ್ಲ ಇಲ್ಲೇ ಕೇಳ್ತೀವಿ." ಹೆಳವರು ಒಪ್ಪಿದರು. "ಓದೋಣ್ರಿ, ಅದಕ್ಕೇನು. ಜ್ವಾಳ ಯಾರ್ ಅಳೀತಾರ, ಅದೊಂದ್ ಹೇಳ್ರಿ."