ಅಳೆದದ್ದನ್ನ ಬರಿ

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ‘ಮಗ ಐಟಿಐ ಸೇರಿದ್ದಾನೆ’ ಎಂದು ಯಾರೂ ಎದೆಯುಬ್ಬಿಸಿ ಹೇಳುತ್ತಿರಲಿಲ್ಲ. ಪಿಯುಸಿ ಸೀಟು ಸಿಗದವರು, ಸಿಕ್ಕರೂ ಮುಂದೆ ಓದಿಸಲು ಮನೆಯಲ್ಲಿ ಆಗದವರು ಅಲ್ಲಿಗೆ ಹೋಗುತ್ತಾರೆ ಎಂಬ ಲೆಕ್ಕ. ನನ್ನದು ಎರಡನೆಯ ಗುಂಪು. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಇನ್ನೂ ಲೇತ್ ತಯಾರಿಸುತ್ತಿದ್ದ ಕಾಲ. ಫಿಟ್ಟರ್ ಆದರೆ ಅಲ್ಲೇ ಎಲ್ಲಾದರೂ ಸೇರಿಕೊಳ್ಳಬಹುದು ಎಂದು ಅಪ್ಪ ನನ್ನನ್ನು ಆ ಟ್ರೇಡಿಗೆ ಹಾಕಿದರು. ನಾವು ಪಾಸಾಗಿ ಕೆಲವೇ ವರ್ಷಗಳಲ್ಲಿ ಆ ಕಾರ್ಖಾನೆಯೇ ಬಾಗಿಲು ಹಾಕಿತು. ನಮ್ಮ ಬ್ಯಾಚಿನವರಲ್ಲಿ ಅನೇಕರು ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ದಾರಿ ಹಿಡಿದರು. ನಾನೂ ಅವರಲ್ಲೊಬ್ಬ.

‘ನಮ್ಮ ಸಂಸ್ಥೆ ನಿಮ್ಮನ್ನು ಕೆಲಸಕ್ಕೆ ಹೇಗೆ ತಯಾರು ಮಾಡಿತು, ಬರೆದುಕೊಡಿ’ ಎಂದು ಪ್ರಾಂಶುಪಾಲರು ಫೋನ್ ಮಾಡಿದಾಗ ನನಗೆ ತಟ್ಟನೆ ನೆನಪಾದದ್ದು ಒಂದು ಚೀಟಿ.

ಫಿಟ್ಟರ್ ಟ್ರೇಡಿನ ಮೊದಲ ತಿಂಗಳುಗಳು ಎಂದರೆ ವೈಸು, ಹ್ಯಾಕ್‌ಸಾ, ಅರ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗುವವರೆಗೆ ಎಂಎಸ್ ಫ್ಲಾಟ್ (ಮೆದು ಉಕ್ಕಿನ ಪಟ್ಟಿ) ಉಜ್ಜಿದ್ದೇ ಉಜ್ಜಿದ್ದು. ನಮಗೆ ಕಲಿಸುತ್ತಿದ್ದ ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಅವರನ್ನು ಎಲ್ಲರೂ ‘ಫಿಟ್ಟರ್ ಸಾರ್’ ಎಂದೇ ಕರೆಯುತ್ತಿದ್ದೆವು. ಅವರದೊಂದು ನಿಯಮವಿತ್ತು. ಜಾಬ್, ಅಂದರೆ ಮಾಡಲು ಕೊಟ್ಟ ತುಂಡು, ಮುಗಿದ ಮೇಲೆ ಅದನ್ನು ಹಾಗೇ ತಂದು ಮೇಜಿನ ಮೇಲಿಡುವಂತಿಲ್ಲ. ಜೊತೆಗೊಂದು ಚೀಟಿ ಇರಬೇಕು: ಡ್ರಾಯಿಂಗ್‌ನಲ್ಲಿರುವ ಅಳತೆ, ನೀನು ಅಳೆದಾಗ ಬಂದ ಅಳತೆ, ಯಾವುದರಿಂದ ಅಳೆದೆ. ಆಮೇಲೆ ಅವರು ತಮ್ಮ ಮೈಕ್ರೋಮೀಟರ್ ತೆಗೆದು ಅಳೆಯುತ್ತಿದ್ದರು. ಜಾಬ್ ಸೈಜಿಗೆ ಬರದಿದ್ದರೆ ಅಂಕ ಸ್ವಲ್ಪ ಕಡಿಮೆಯಾಗುತ್ತಿತ್ತು, ಅಷ್ಟೆ. ಚೀಟಿಯ ಅಳತೆಗೂ ಅವರ ಅಳತೆಗೂ ತಾಳೆಯಾಗದಿದ್ದರೆ ಮಾತ್ರ ಸೊನ್ನೆ.

ಒಬ್ಬ ಹುಡುಗ ಚೀಟಿಯಲ್ಲಿ 40.00 ಎಂದು ಬರೆದಿದ್ದ. ತುಂಡು ಇದ್ದದ್ದು 39.86.

“ನಲವತ್ತು ಅಂತ ನಿನಗ್ಯಾರಪ್ಪ ಹೇಳಿದ್ದು?”

“ಡ್ರಾಯಿಂಗ್‌ನಲ್ಲೇ ಇದೆ ಸಾರ್.”

“ಡ್ರಾಯಿಂಗ್ ಓದೋಕೆ ನಂಗೂ ಬರುತ್ತೆ ಕಣೋ. ನೀನು ಅಳೆದದ್ದನ್ನ ಬರಿ.”

ಇಡೀ ವರ್ಕ್‌ಶಾಪ್ ನಕ್ಕಿತು. ಆಗ ನಮಗೆಲ್ಲ ಇದು ಮುದುಕರ ಹಟ ಎನಿಸಿತ್ತು. ಪಕ್ಕದ ಟ್ರೇಡಿನವರು ಜಾಬ್ ಕೊಟ್ಟು ಸಂಜೆ ನಾಲ್ಕಕ್ಕೇ ಮನೆಗೆ ಹೊರಟಿರುತ್ತಿದ್ದರು. ನಾವು ಚೀಟಿ ಬರೆಯುತ್ತ ಕೂತಿರುತ್ತಿದ್ದೆವು.

ಅಪ್ರೆಂಟಿಸ್ ಆಗಿ ಸೇರಿದ ಪೀಣ್ಯದ ಕಾರ್ಖಾನೆಯಲ್ಲಿ ಆ ಚೀಟಿಯ ಅರ್ಥ ತಿಳಿಯಿತು. ಯಂತ್ರದಲ್ಲಿ ಸೆಟ್ಟಿಂಗ್ ಮಾಡಿ ಮೊದಲ ತುಂಡು ತೆಗೆದು ಅಳೆದು ಬರೆಯಬೇಕು. ಅದು ಒಪ್ಪಿಗೆಯಾದ ಮೇಲೆ ಉಳಿದ ನೂರಾರು ತುಂಡುಗಳು ಅದೇ ಸೆಟ್ಟಿಂಗಿನಲ್ಲಿ ಬರುತ್ತವೆ. ಮೊದಲನೆಯದರ ಅಳತೆ ಸುಳ್ಳಾದರೆ ನೂರೂ ಸುಳ್ಳು. 25 ಮಿ.ಮೀ. ರಂಧ್ರಕ್ಕೆ ಡ್ರಾಯಿಂಗ್‌ನಲ್ಲಿ ಎಚ್7 (ಅಳತೆ ಎಷ್ಟು ಹೆಚ್ಚುಕಡಿಮೆಯಾದರೆ ನಡೆಯುತ್ತದೆ ಎಂಬ ಗುರುತು) ಎಂದಿದ್ದರೆ ಅದು 25.000ರಿಂದ 25.021ರೊಳಗೆ ಇರಬೇಕು; ಅದರೊಳಗೆ ಕೂರುವ ಜಿ6 ಶಾಫ್ಟ್ 24.980ರಿಂದ 24.993. ರಂಧ್ರಕ್ಕೆ ಸಿಕ್ಕ ರಿಯಾಯಿತಿ ತಲೆಗೂದಲಿನ ದಪ್ಪದ ಮೂರನೇ ಒಂದು ಪಾಲಿನಷ್ಟೂ ಇಲ್ಲದಿರಬಹುದು. ಕಣ್ಣಿಗೆ ಕಾಣದ ಈ ಜಾಗದಲ್ಲಿ ‘ಡ್ರಾಯಿಂಗ್‌ನಲ್ಲೇ ಇದೆ ಸಾರ್’ ನಡೆಯುವುದಿಲ್ಲ. ಬಿಸಿ ಆರದ ತುಂಡನ್ನು ಅಳೆದರೂ ಮೋಸವೇ: 100 ಮಿ.ಮೀ. ಉದ್ದದ ಉಕ್ಕು ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 0.011 ಮಿ.ಮೀ. ಹಿಗ್ಗಿರುತ್ತದೆ. ಯಂತ್ರದ ಪಕ್ಕದಲ್ಲಿ ಸರಿಯಾಗಿದ್ದದ್ದು ಇನ್‌ಸ್ಪೆಕ್ಷನ್ ರೂಮಿನಲ್ಲಿ ಕಡಿಮೆಯಾಗಿರುತ್ತದೆ.

ಈಗ ನಾನು ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ನಿಧಾನಕ್ಕೆ ಕೆಲಸ ಮಾಡುವ ಆಪರೇಟರ್ ಬಗ್ಗೆ ನನಗೆ ದೊಡ್ಡ ದೂರಿಲ್ಲ. ಹತ್ತು ತುಂಡಿಗೂ ಒಂದೇ ಅಂಕಿ ಬರೆದಿರುವ ರಿಪೋರ್ಟ್ ಕಂಡರೆ ಮಾತ್ರ ಎದ್ದು ಹೋಗಿ ಎಲ್ಲವನ್ನೂ ಮತ್ತೆ ಅಳೆಯುತ್ತೇನೆ. ನಿಜವಾಗಿ ಅಳೆದವನ ಕಾಗದದಲ್ಲಿ ಕೊನೆಯ ಅಂಕಿ ಕುಣಿಯುತ್ತಿರುತ್ತದೆ.

ಹಾಗೆಂದು ಐಟಿಐ ಎಲ್ಲವನ್ನೂ ಕಲಿಸಿತ್ತು ಎಂದರೆ ಅದೂ ಸುಳ್ಳು ಚೀಟಿಯೇ. ಎಂಜಿನಿಯರಿಂಗ್ ಡ್ರಾಯಿಂಗ್‌ನಲ್ಲಿ ನಮಗೆ ರೂಢಿ ಮಾಡಿಸಿದ್ದು ಫಸ್ಟ್ ಆ್ಯಂಗಲ್. ಭಾರತೀಯ ಮಾನಕದ ಪದ್ಧತಿ ಅದು, ಮೇಲಿನಿಂದ ಕಂಡದ್ದನ್ನು ಮುಂದಿನ ನೋಟದ ಕೆಳಗೆ ಬರೆಯುವುದು. ಕಾರ್ಖಾನೆಗೆ ಅಮೆರಿಕದ ಗಿರಾಕಿಗಳಿಂದ ಬರುತ್ತಿದ್ದದ್ದು ಥರ್ಡ್ ಆ್ಯಂಗಲ್. ಅದರಲ್ಲಿ ಎಲ್ಲ ತಿರುಗುಮುರುಗು. ಯಾವ ಪದ್ಧತಿ ಎಂದು ತಿಳಿಸಲು ಹಾಳೆಯ ಮೂಲೆಯಲ್ಲಿರುವ, ತುದಿ ಕತ್ತರಿಸಿದ ಶಂಕುವಿನ ಪುಟ್ಟ ಗುರುತನ್ನು ಮೊದಲು ನೋಡಬೇಕು ಎಂಬುದನ್ನು ಅಲ್ಲಿನ ಹಿರಿಯ ಟರ್ನರ್ ಒಬ್ಬರು ಟೀ ಕುಡಿಯುತ್ತ ಹೇಳಿಕೊಟ್ಟರು. ಪುಸ್ತಕದಲ್ಲಿ ಇದ್ದಿರಬಹುದು, ನಮ್ಮ ಕೈಗೆ ಅಂಥ ಡ್ರಾಯಿಂಗ್ ಬಂದಿರಲಿಲ್ಲ.

ಇನ್ನೊಂದು, ಮಾತು. ಶಿಫ್ಟ್ ಬದಲಾಗುವಾಗ ಮುಂದಿನವನಿಗೆ ಏನು ಹೇಳಿ ಹೋಗಬೇಕು, ಟೂಲ್ ಸವೆದು ಅಳತೆ ಜಾರುತ್ತಿದೆ ಎಂದು ಸೂಪರ್‌ವೈಸರ್ ಬೈಯುವ ಮೊದಲೇ ಹೇಗೆ ತಿಳಿಸಬೇಕು, ಕನ್ನಡ ಬಾರದವರಿಗೆ ಹೇಗೆ ಅರ್ಥ ಮಾಡಿಸಬೇಕು — ಇದಕ್ಕೆಲ್ಲ ನಮ್ಮಲ್ಲಿ ಪೀರಿಯಡ್ ಇರಲಿಲ್ಲ. ಸೋಷಿಯಲ್ ಸ್ಟಡೀಸ್ ಅಂತ ಒಂದಿತ್ತು. ಎಲ್ಲರೂ ನಿದ್ದೆ ಮಾಡುವ ಆ ಪೀರಿಯಡ್ಡನ್ನು ಫಿಟ್ಟರ್ ಸಾರ್ ಒಮ್ಮೊಮ್ಮೆ ಕಸಿದುಕೊಂಡು ಬೋರ್ಡಿನ ಮೇಲೆ ಸಂಬಳದ ಚೀಟಿ ಬರೆಯುತ್ತಿದ್ದರು: ಬೇಸಿಕ್, ಡಿಎ, ಪಿಎಫ್, ಇಎಸ್‌ಐ. ಅಪ್ರೆಂಟಿಸ್‌ಗೆ ಸಿಗುವುದು ಸಂಬಳವಲ್ಲ, ಸ್ಟೈಪೆಂಡ್. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅವನು ಕಲಿಯುವವನು ಎಂಬುದನ್ನೂ ಅಲ್ಲೇ ಕೇಳಿದ್ದು. ಮೊದಲ ಸಂಬಳ ಹೇಳಿದ್ದಕ್ಕಿಂತ ಕಡಿಮೆ ಬಂತೆಂದು ನನ್ನ ಪಕ್ಕದ ಹುಡುಗ ಕೆಲಸ ಬಿಟ್ಟು ಊರಿಗೆ ಹೊರಟು ನಿಂತಾಗ, ಪಿಎಫ್ ಕಡಿತ ಅವನ ಹೆಸರಿನಲ್ಲೇ ಜಮೆಯಾಗುತ್ತದೆ ಎಂದು ಕೂರಿಸಿ ವಿವರಿಸಲು ನನಗೆ ಆ ಬೋರ್ಡೇ ಸಾಕಾಯಿತು.

2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೇರಿಸಿದ್ದಾರೆ. ನಾವು ಚಿತ್ರದಲ್ಲೂ ನೋಡದಿದ್ದ ಯಂತ್ರಗಳನ್ನು ಈಗಿನವರು ಮುಟ್ಟಿ ಕಲಿಯುತ್ತಿದ್ದಾರೆ. ನನಗೆ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿವೆ. ಎಂಪ್ಲಾಯಬಿಲಿಟಿ ಸ್ಕಿಲ್ಸ್ ಎಂಬ ಪಾಠವೂ ಬಂದಿದೆ. ಆದರೆ ಕ್ಯಾಂಪಸ್ ಸಂದರ್ಶನಕ್ಕೆ ಹೋದಲ್ಲೆಲ್ಲ ಹುಡುಗರು ಬಾಯಿಪಾಠ ಮಾಡಿದ ಸ್ವಪರಿಚಯ ಒಪ್ಪಿಸುವುದನ್ನು ಕೇಳಿ ಬೇಸರವಾಗಿದೆ. ಕೆಲವರಿಗೆ ಟೈ ಬೇರೆ ಕಟ್ಟಿಸಿರುತ್ತಾರೆ. ತಿರುಗುವ ಯಂತ್ರದ ಮುಂದೆ ಟೈ ಹಾಕಿ ನಿಲ್ಲಬಾರದು ಎಂದು ಕಲಿಸುವವರೂ ಅವರೇ ಅಲ್ಲವೇ?

ನಾನು ಕೇಳುವುದು ಬೇರೆ. ಒಂದು ತುಂಡು, ಒಂದು ಮೈಕ್ರೋಮೀಟರ್, ಒಂದು ಖಾಲಿ ಹಾಳೆ ಮುಂದಿಡುತ್ತೇನೆ. ಅಳೆಯುವ ಮೊದಲು ಮೈಕ್ರೋಮೀಟರಿನ ಅಳೆಯುವ ಮುಖಗಳನ್ನು ಒರೆಸಿ ಸೊನ್ನೆ ಸರಿಯಿದೆಯೇ ಎಂದು ನೋಡಿದ ಹುಡುಗಿಯೊಬ್ಬಳನ್ನು ಓದಿದ ಅಂಕಿ ಕೇಳುವ ಮೊದಲೇ ಆಯ್ಕೆ ಮಾಡಿದ್ದೆ. ಇಂಗ್ಲಿಷಿನಲ್ಲಿ ತಡವರಿಸುತ್ತಿದ್ದಳು. ಅದನ್ನು ನಮ್ಮಲ್ಲಿ ಆರು ತಿಂಗಳಲ್ಲಿ ಕಲಿತಳು.

ಪ್ರಾಂಶುಪಾಲರ ಒಪ್ಪಿಗೆ ಸಿಕ್ಕಿದೆ, ಆದ್ದರಿಂದ ಇಲ್ಲೇ ತಿಳಿಸುತ್ತೇನೆ. ನಮ್ಮಲ್ಲಿ ರಿಜೆಕ್ಟ್ ಆಗಿ ಕೆಂಪು ಬಣ್ಣ ಬಳಿದಿಟ್ಟ ತುಂಡುಗಳನ್ನು, ಅಭ್ಯಾಸಕ್ಕೆಂದೇ ನಾವು ಬಿಡಿಸಿದ ಥರ್ಡ್ ಆ್ಯಂಗಲ್ ಡ್ರಾಯಿಂಗ್‌ಗಳ ಜೊತೆ ಈ ವರ್ಷ ಫಿಟ್ಟರ್ ಮತ್ತು ಟರ್ನರ್ ವಿಭಾಗಕ್ಕೆ ಕಳಿಸುತ್ತಿದ್ದೇವೆ. ಯಾಕೆ ರಿಜೆಕ್ಟ್ ಆಯಿತು ಎಂಬ ಕಾಗದ ಮಾತ್ರ ನನ್ನ ಹತ್ತಿರವೇ ಇರುತ್ತದೆ. ವಿದ್ಯಾರ್ಥಿಗಳು ಅಳೆದು, ಚೀಟಿ ಬರೆದು ಕಳಿಸಲಿ. ತಾಳೆ ನೋಡಿ ಉತ್ತರ ಬರೆಯುತ್ತೇನೆ.