ಹನ್ನೊಂದು ದಿನದ ವ್ಯಾನ್ ಪ್ರವಾಸ: ಸೋಲಾರ್ ಚೆನ್ನಾಗಿತ್ತು, ವೈರ್ ಕೈಕೊಟ್ಟಿತು

ಮೂರನೇ ರಾತ್ರಿ ಎರಡು ಗಂಟೆಗೆ ಫ್ರಿಜ್ 'ಟಿಕ್' ಅಂದು ನಿಂತಿತು. ಒಂದು ನಿಮಿಷ ಬಿಟ್ಟು ಗುರ್ರ್ ಅಂತ ಶುರುವಾಯಿತು, ಮತ್ತೆ ಟಿಕ್. "ಬ್ಯಾಟರಿ ಮುಗೀತೇನ್ರೀ?" ಅಂತ ಹೆಂಡತಿ ಕತ್ತಲಲ್ಲೇ ಕೇಳಿದಳು. ಮುಗಿದಿರಲಿಲ್ಲ, ಇನ್ನೂ ಶೇ. 70 ಇತ್ತು. ವ್ಯಾನಿನ ತಲೆ ಮೇಲೆ 200 ವ್ಯಾಟ್‌ನ ಎರಡು ಪ್ಯಾನೆಲ್, ಸೀಟಿನ ಕೆಳಗೆ 100 ಆಂಪಿಯರ್-ಅವರ್‌ನ ಎರಡು ಲಿಥಿಯಂ ಬ್ಯಾಟರಿ. ಇಷ್ಟೆಲ್ಲ ಇಟ್ಟುಕೊಂಡು ಒಂದು ಪುಟ್ಟ ಫ್ರಿಜ್ ಓಡಿಸಲಾಗುತ್ತಿಲ್ಲ!

ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ ಹತ್ತಿರ 13.1 ವೋಲ್ಟ್. ಫ್ರಿಜ್ ಸಾಕೆಟ್‌ನಲ್ಲಿ, ಕಂಪ್ರೆಸರ್ ಎದ್ದೇಳುವ ಹೊತ್ತಿಗೆ ಸರಿಯಾಗಿ, 10.9. ಎರಡು ವೋಲ್ಟ್‌ಗಿಂತ ಜಾಸ್ತಿ ದಾರಿಯಲ್ಲೇ ಸೋರಿಹೋಗಿತ್ತು. ಬ್ಯಾಟರಿ ಖಾಲಿಯಾಗಿದೆ ಅಂದುಕೊಂಡು ಫ್ರಿಜ್ ತಾನೇ ಆಫ್ ಆಗುತ್ತಿತ್ತು.

ತಪ್ಪು ನನ್ನದೇ. ಮೊದಲು ಹಿಂದಿನ ಲೈಟಿಗೆ ಅಂತ ಎಳೆದಿದ್ದ 1.5 ಸ್ಕ್ವೇರ್ ಎಂಎಂ ವೈರನ್ನೇ, ಹೇಗೂ ಇದೆಯಲ್ಲ ಅಂತ, ಫ್ರಿಜ್‌ಗೂ ಬಳಸಿದ್ದೆ. ಬ್ಯಾಟರಿಯಿಂದ ಫ್ರಿಜ್‌ಗೆ 7 ಮೀಟರ್. ಕರೆಂಟ್ ಹೋಗಬೇಕು, ವಾಪಸ್ಸೂ ಬರಬೇಕು, ಹಾಗಾಗಿ ಲೆಕ್ಕಕ್ಕೆ 14. ಅಷ್ಟು ಉದ್ದದ ಆ ವೈರಿನಲ್ಲಿ 5 ಆಂಪಿಯರ್ ಹರಿದರೆ ಸುಮಾರು 0.8 ವೋಲ್ಟ್ ಹೋಗುತ್ತದೆ. ಕಂಪ್ರೆಸರ್ ಶುರುವಾಗುವಾಗ ಇನ್ನೂ ಜಾಸ್ತಿ. ಸಾಲದ್ದಕ್ಕೆ ಒಂದು ತುದಿಯನ್ನು ಇಕ್ಕಳದಲ್ಲಿ ಅಮುಕಿ ಬಿಟ್ಟಿದ್ದೆ. ಎಳೆದು ನೋಡಿದರೆ ಕೈಗೇ ಬಂತು. 6 ಸ್ಕ್ವೇರ್ ಎಂಎಂ ಹಾಕಿದ್ದರೆ ಅದೇ ದೂರಕ್ಕೆ 0.2 ವೋಲ್ಟ್ ಹೋಗುತ್ತಿತ್ತು, ಅಷ್ಟೇ. ಆ ರಾತ್ರಿಗೆ ಫ್ರಿಜ್‌ನ ಬ್ಯಾಟರಿ ಪ್ರೊಟೆಕ್ಷನ್ (ಎಷ್ಟು ವೋಲ್ಟ್‌ಗೆ ಇಳಿದರೆ ಆಫ್ ಆಗಬೇಕು ಅನ್ನುವ ಸೆಟ್ಟಿಂಗ್) 'ಲೋ'ಗೆ ಇಳಿಸಿ ಮಲಗಿದೆವು. ಮಾರನೇ ದಿನ ಅರ್ಧ ದಿನ ಹಾಳು ಮಾಡಿ ದಪ್ಪ ವೈರ್ ಎಳೆದೆ, ತುದಿಗೆ ಲಗ್, ಅಂದರೆ ಬೋಲ್ಟಿಗೆ ಕೂರುವ ಲೋಹದ ಬಳೆ, ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಿ ಹಾಕಿದೆ. ಆಮೇಲೆ ಫ್ರಿಜ್ ಒಂದು ಸಲವೂ ತಕರಾರು ಮಾಡಲಿಲ್ಲ.

ಹೊರಡುವ ಮೊದಲು ಎಲ್ಲರೂ ಪ್ಯಾನೆಲ್ ಎಷ್ಟು ವ್ಯಾಟ್ ಅಂತಲೇ ಚರ್ಚೆ ಮಾಡುತ್ತಾರೆ. ನಾನೂ ಮಾಡಿದ್ದೆ. ಮೊದಲು ದಿನಕ್ಕೆ ಎಷ್ಟು ಖರ್ಚಾಗುತ್ತದೆ ಅಂತ ಬರೆದುಕೊಳ್ಳಿ. ನಮ್ಮದು ಫ್ರಿಜ್‌ಗೆ 500 ವ್ಯಾಟ್-ಅವರ್, ರಾತ್ರಿಯಿಡೀ ಫ್ಯಾನ್‌ಗೆ 160, ಲ್ಯಾಪ್‌ಟಾಪ್‌ಗೆ 150, ಲೈಟು, ಪಂಪು, ಫೋನು ಎಲ್ಲ ಸೇರಿ 100. ಒಟ್ಟು 900ರ ಆಸುಪಾಸು. ಎರಡು ಬ್ಯಾಟರಿ ಸೇರಿದರೆ 2,560 ವ್ಯಾಟ್-ಅವರ್. ಅಂದರೆ ಬಿಸಿಲೇ ಇಲ್ಲದಿದ್ದರೂ ಎರಡು ದಿನ ದೂಡಬಹುದು. ಲೆಡ್-ಆ್ಯಸಿಡ್ ಆದರೆ ಈ ಲೆಕ್ಕವನ್ನು ಅರ್ಧ ಮಾಡಿ. ಅದನ್ನು ಪದೇ ಪದೇ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ.

ನಮ್ಮ 400 ವ್ಯಾಟ್ ಪ್ಯಾನೆಲ್ ಬಯಲಲ್ಲಿ ನಿಲ್ಲಿಸಿದ ದಿನ 1,500 ವ್ಯಾಟ್-ಅವರ್‌ವರೆಗೂ ಕೊಟ್ಟಿತು. ಕಾಡಂಚಿನಲ್ಲಿ, ಮರದ ಕೆಳಗೆ, 250 ದಾಟಲಿಲ್ಲ. ಒಂದು ಕೊಂಬೆಯ ನೆರಳು ಬಿದ್ದರೂ ಸಾಕು, ಮೀಟರ್ ಧೊಪ್ಪನೆ ಇಳಿಯುತ್ತದೆ. ಪ್ಯಾನೆಲ್‌ಗಳನ್ನು ಸೀರೀಸ್‌ನಲ್ಲಿ (ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ) ಜೋಡಿಸುವವರು ಕಂಟ್ರೋಲರ್, ಅಂದರೆ ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜಿಂಗ್ ನೋಡಿಕೊಳ್ಳುವ ಡಬ್ಬಿ, ಎಷ್ಟು ವೋಲ್ಟ್ ತಡೆಯುತ್ತದೆ ಅಂತ ನೋಡಿಕೊಳ್ಳಿ. ನಮ್ಮ ಎರಡೂ ಸೇರಿ ಲೋಡ್ ಇಲ್ಲದಾಗ 48 ವೋಲ್ಟ್. ಚಳಿಯಲ್ಲಿ ಅದು ಇನ್ನೂ ಏರುತ್ತದೆ, ಹಾಗಾಗಿ ಅಂಚಿಗೆ ಹತ್ತಿರ ಹೋಗಬೇಡಿ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಉಲ್ಟಾ.

ಎರಡು ಬ್ಯಾಟರಿಯನ್ನು ಪ್ಯಾರಲಲ್ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಮಾಡಿದರೆ ಹೊರಗೆ ಹೋಗುವ ಪ್ಲಸ್ ವೈರ್ ಒಂದರಿಂದ, ಮೈನಸ್ ಇನ್ನೊಂದರಿಂದ ತೆಗೆಯಿರಿ. ಎರಡನ್ನೂ ಒಂದೇ ಬ್ಯಾಟರಿಯಿಂದ ತೆಗೆದರೆ ಅದೇ ಜಾಸ್ತಿ ದುಡಿಯುತ್ತದೆ, ಇನ್ನೊಂದು ಆರಾಮಾಗಿ ಕೂತಿರುತ್ತದೆ. ಹಳೇ ಬ್ಯಾಟರಿ ಜೊತೆ ಹೊಸದನ್ನು ಸೇರಿಸುವ ಆಸೆಯನ್ನಂತೂ ಬಿಟ್ಟುಬಿಡಿ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ಅದು ಇರುವುದು ವೈರನ್ನು ಕಾಪಾಡಲಿಕ್ಕೆ, ಹಾಗಾಗಿ ವೈರ್ ಎಷ್ಟು ತಾಳುತ್ತದೋ ಅದಕ್ಕೆ ತಕ್ಕ ಫ್ಯೂಸ್ ಹಾಕಿ. 1,000 ವ್ಯಾಟ್ ಇನ್ವರ್ಟರ್ 12 ವೋಲ್ಟ್‌ನಲ್ಲಿ 90 ಆಂಪಿಯರ್‌ವರೆಗೆ ಎಳೆಯುತ್ತದೆ. ಅಲ್ಲಿ ಬೆರಳು ದಪ್ಪದ ಕೇಬಲ್ಲೇ ಬೇಕು, ಅದೂ ಆದಷ್ಟು ಗಿಡ್ಡದು.

ಐದನೇ ದಿನ ಕಲ್ಲು ರಸ್ತೆ. ಸಂಜೆ ಸುಮ್ನೆ ಕೈ ಇಟ್ಟು ನೋಡಿದರೆ ಇನ್ವರ್ಟರ್ ಕೇಬಲ್‌ನ ಒಂದು ಲಗ್ ಬೆಚ್ಚಗಿತ್ತು. ಕುಲುಕಾಟಕ್ಕೆ ನಟ್ ಕಾಲು ಸುತ್ತು ಸಡಿಲವಾಗಿತ್ತು. ಬಿಗಿ ಮಾಡಿ, ನಟ್ ಮೇಲಿಂದ ಟರ್ಮಿನಲ್‌ಗೆ ಒಂದು ಬಣ್ಣದ ಗೆರೆ ಎಳೆದೆ. ಈಗ ಗೆರೆ ತಪ್ಪಿದರೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಮೋಡ ಕವಿದ ಎರಡು ದಿನ ನಮ್ಮನ್ನು ಉಳಿಸಿದ್ದು ಸೋಲಾರ್ ಅಲ್ಲ, ಎಂಜಿನ್. ಎಂಜಿನ್ ಓಡುವಾಗ ಆಲ್ಟರ್ನೇಟರ್ (ಎಂಜಿನ್‌ನಿಂದ ಕರೆಂಟ್ ಮಾಡುವ ಯಂತ್ರ) ಕೊಡುವ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಇದ್ದರೆ ಮೂರು ಗಂಟೆ ಓಡಿಸಿದಾಗ ಹತ್ತಿರ ಹತ್ತಿರ ಒಂದು ಬ್ಯಾಟರಿ ತುಂಬುತ್ತದೆ. ಲಿಥಿಯಂ ಬ್ಯಾಟರಿಯನ್ನು ಅದಿಲ್ಲದೆ ನೇರ ಆಲ್ಟರ್ನೇಟರ್‌ಗೆ ಕೊಟ್ಟರೆ ಸಿಕ್ಕಷ್ಟೂ ಎಳೆದು ಆಲ್ಟರ್ನೇಟರನ್ನೇ ಸುಡಬಹುದು. ಇನ್ನೊಂದು, ಈ ಬ್ಯಾಟರಿಯನ್ನು ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಬಾರದು. ಬೆಟ್ಟದ ಮೇಲೆ ತಂಗಿದ ಬೆಳಿಗ್ಗೆ ಹತ್ತರವರೆಗೂ ಚಾರ್ಜಿಂಗ್ ಶುರುವಾಗಲಿಲ್ಲ. ಕೆಟ್ಟಿದೆ ಅಂತ ಗಾಬರಿಯಾಗಿ ಅರ್ಧ ವೈರಿಂಗ್ ಬಿಚ್ಚಿದ್ದೆ. ಆಮೇಲೆ ನೋಡಿದರೆ ಬ್ಯಾಟರಿಯ ಬಿಎಂಎಸ್, ಅಂದರೆ ಒಳಗಿದ್ದು ಅದನ್ನು ಕಾಯುವ ಸರ್ಕ್ಯೂಟ್, ಚಳಿಗೆ ಚಾರ್ಜಿಂಗ್ ತಡೆದು ತನ್ನ ಕೆಲಸ ಮಾಡುತ್ತಿತ್ತು, ಅಷ್ಟೇ.

ಮುಂದಿನ ಸಲ ಮಡಚುವ ಪ್ಯಾನೆಲ್ ಒಂದನ್ನು 10 ಮೀಟರ್ ದಪ್ಪ ವೈರ್ ಜೊತೆ ಒಯ್ಯುವ ಯೋಚನೆ ಇದೆ. ವ್ಯಾನ್ ಮರದ ಕೆಳಗೆ ತಣ್ಣಗೆ ನಿಂತಿರಲಿ, ಪ್ಯಾನೆಲ್ ಬಿಸಿಲಲ್ಲಿ ಕೂರಲಿ.