ರಾತ್ರಿ ಹನ್ನೊಂದರ ಹಸಿವಿಗೆ ಒಂದು ಬಟ್ಟಲು ಮಂಡಕ್ಕಿ

ಎಂಟಕ್ಕೆ ಊಟ ಮುಗಿದಿರುತ್ತದೆ. ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಮತ್ತೆ ಡಬ್ಬಿಗಳ ಸದ್ದು. ಆ ಹೊತ್ತಿನಲ್ಲಿ ಕೈಗೆ ಮೊದಲು ಸಿಗುವುದು ಕೋಡುಬಳೆ, ಮಿಕ್ಸ್‌ಚರ್ ಇಲ್ಲವೇ ಬಿಸ್ಕತ್ತು. ನಿಂತುಕೊಂಡೇ ಡಬ್ಬಿಗೆ ಕೈ ಹಾಕಿ ತಿನ್ನುವುದರಿಂದ ಎಷ್ಟು ಒಳಗೆ ಹೋಯಿತು ಎಂಬ ಲೆಕ್ಕವೇ ಇರುವುದಿಲ್ಲ. ಕರಿದದ್ದು ಹೊಟ್ಟೆಯಿಂದ ಕೆಳಗಿಳಿಯಲು ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಮಲಗಿಬಿಟ್ಟರೆ ಹುಳಿತೇಗು, ಎದೆಯುರಿ.

ಮಲಗುವ ಮುಂಚಿನ ತಿಂಡಿಗೆ ಒಂದು ಅಂದಾಜು ಇಟ್ಟುಕೊಳ್ಳಿ: 150ರಿಂದ 200 ಕ್ಯಾಲೊರಿ, 5ರಿಂದ 8 ಗ್ರಾಂ ಪ್ರೋಟೀನ್, ಎಣ್ಣೆ ಇಲ್ಲ ಅನ್ನುವಷ್ಟು. ಈ ಲೆಕ್ಕಕ್ಕೆ ಹೊಂದುವ ತಿಂಡಿಗೆ ಹೊಸದೇನೂ ಕೊಳ್ಳಬೇಕಿಲ್ಲ. ಬೆಂಗಳೂರು, ಮೈಸೂರಿನ ಕಡೆ ಕಡಲೆಪುರಿ, ದಾವಣಗೆರೆಯಲ್ಲಿ ಮಂಡಕ್ಕಿ, ಧಾರವಾಡದ ಕಡೆ ಚುರುಮುರಿ ಅನ್ನುವ ಆ ಹಗುರ ಪದಾರ್ಥ ಎಲ್ಲರ ಮನೆಯಲ್ಲೂ ಇರುತ್ತದೆ.

ಆದರೆ ಬರೀ ಮಂಡಕ್ಕಿ ತಿನ್ನುವುದು ತಪ್ಪು. ಅದು ಉಬ್ಬಿದ ಅಕ್ಕಿ, ಅಷ್ಟೇ. ಬೇಗ ಕರಗುತ್ತದೆ, ರಕ್ತದಲ್ಲಿ ಸಕ್ಕರೆಯನ್ನೂ ಬೇಗ ಏರಿಸುತ್ತದೆ, ಗಂಟೆಯೊಳಗೆ ಮತ್ತೆ ಹಸಿವು. ಜೊತೆಗೆ ಕಾಳು ಬೇಕು. ಒಬ್ಬರಿಗೆ ಅಳತೆ ಹೀಗೆ: ದೊಡ್ಡ ಬಟ್ಟಲು ತುಂಬ ಮಂಡಕ್ಕಿ (ತೂಗಿದರೆ 15 ಗ್ರಾಂ ಅಷ್ಟೇ ಬರುತ್ತದೆ), ಎರಡು ದೊಡ್ಡ ಚಮಚ ಹುರಿಗಡಲೆ (20 ಗ್ರಾಂ, ಉತ್ತರ ಕರ್ನಾಟಕದವರ ಪುಟಾಣಿ), ಒಂದು ದೊಡ್ಡ ಚಮಚ ಹುರಿದ ಕಡಲೆಬೀಜ (10 ಗ್ರಾಂ). ಒಟ್ಟು 190 ಕ್ಯಾಲೊರಿಯ ಆಸುಪಾಸು, ಪ್ರೋಟೀನ್ 7 ಗ್ರಾಂ. ಇದಕ್ಕೆ ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕೊತ್ತಂಬರಿ, ನಾಲ್ಕು ಹನಿ ನಿಂಬೆರಸ. ಸಂಜೆಯ ಚುರುಮುರಿಗೆ ಹಾಕುವ ಹಸಿ ಈರುಳ್ಳಿ, ಹಸಿಮೆಣಸಿನಕಾಯಿ ಈ ಹೊತ್ತಿಗೆ ಬೇಡ. ಎದೆಯುರಿ ಇರುವವರಿಗಂತೂ ಬೇಡವೇ ಬೇಡ. ಉಪ್ಪು ಸೇರಿಸುವ ಮುಂಚೆ ನಾಲ್ಕು ಕಾಳು ಬಾಯಿಗೆ ಹಾಕಿ ನೋಡಿ. ಮಂಡಕ್ಕಿ ಮಾಡುವಾಗಲೇ ಅಕ್ಕಿಗೆ ಉಪ್ಪು ಹಾಕಿರುತ್ತಾರೆ, ಹೆಚ್ಚಿನ ಸಲ ಅದೇ ಸಾಕು.

ತರಕಾರಿಯನ್ನು ಕೊನೆಗೆ ಬೆರೆಸಿ, ಬೆರೆಸಿದ ತಕ್ಷಣ ತಿನ್ನಿ. ಸೌತೆಕಾಯಿ ನೀರು ಬಿಟ್ಟರೆ ಐದು ನಿಮಿಷದಲ್ಲಿ ಎಲ್ಲ ಮೆತ್ತಗಾಗುತ್ತದೆ. ಡಬ್ಬಿಯಲ್ಲೇ ಮೆತ್ತಗಾದ ಮಂಡಕ್ಕಿಯನ್ನು ಎಸೆಯಬೇಕಿಲ್ಲ. ಅದು ಗಾಳಿಯ ತೇವ ಹೀರಿದೆ, ಅಷ್ಟೇ. ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕೈಯಾಡಿಸಿ. ಬೆರಳಲ್ಲಿ ಒತ್ತಿದರೆ ಚಪ್ಪಟೆಯಾಗದೆ ಪುಡಿಯಾಗಬೇಕು. ಪೂರ್ತಿ ಆರಿದ ಮೇಲಷ್ಟೇ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಕಟ್ಟಿ, ಪಟ್ಟ ಶ್ರಮವೆಲ್ಲ ದಂಡ. ಒಗ್ಗರಣೆ ಬೇಕೇ ಬೇಕು ಅನ್ನುವವರು ನಾಲ್ಕು ಬಟ್ಟಲಿಗೆ ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ, ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಅರಿಸಿನ ಹಾಕಿ, ಒಲೆ ಆರಿಸಿ ಒಂದು ನಿಮಿಷ ಬಿಟ್ಟು ಮಂಡಕ್ಕಿ ಸುರಿಯಲಿ. ಕುದಿವ ಎಣ್ಣೆಗೆ ಸುರಿದರೆ ತಳದ ಒಂದು ಹಿಡಿಯೇ ಅಷ್ಟೂ ಎಣ್ಣೆ ಕುಡಿದು ಕಪ್ಪಾಗುತ್ತದೆ.

ಕಡಲೆಬೀಜದ ವಿಷಯದಲ್ಲಿ ಕಂಜೂಸುತನ ಬೇಡ. ಸುಕ್ಕಿದ, ಬಣ್ಣ ಕೆಟ್ಟ, ಬೂಷ್ಟು ವಾಸನೆಯ, ಕಹಿ ಬೀಜಗಳನ್ನು ಆರಿಸಿ ಎಸೆಯಿರಿ. ಅವುಗಳಲ್ಲಿ ಬೆಳೆಯುವ ಶಿಲೀಂಧ್ರದ ಅಫ್ಲಟಾಕ್ಸಿನ್ ಯಕೃತ್ತಿಗೆ ವಿಷ, ಹುರಿದರೂ ಪೂರ್ತಿ ಹೋಗುವುದಿಲ್ಲ. ಇನ್ನೊಂದು, ಬೀಜ ಒಳ್ಳೆಯದೆಂದು ಬೊಗಸೆಗಟ್ಟಲೆ ತಿಂದರೆ ನಡೆಯದು: 100 ಗ್ರಾಂಗೆ 560ರ ಮೇಲೆ ಕ್ಯಾಲೊರಿ.

ಅಗಿಯುವ ಮನಸ್ಸಿಲ್ಲದವರಿಗೆ ರಾಗಿ ಹುರಿಹಿಟ್ಟು. ಇಲ್ಲೊಂದು ಎಡವಟ್ಟು ಪದೇ ಪದೇ ಆಗುತ್ತದೆ: ಮುದ್ದೆ ಮಾಡುವ ಹಸಿ ರಾಗಿಹಿಟ್ಟನ್ನೇ ಹಾಲಿಗೆ ಕಲಸಿ ಕುಡಿಯುವುದು. ಹುರಿಹಿಟ್ಟು ಬೇರೆ. ರಾಗಿಗೆ ನೀರು ಚಿಮುಕಿಸಿ, ಕಾಳೆಲ್ಲ ತೇವ ಹೀರಿದ ಮೇಲೆ ಚೆನ್ನಾಗಿ ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ್ದು ಅದು. ಅರಳುವಾಗಲೇ ಬೆಂದಿರುವುದರಿಂದ ಮತ್ತೆ ಬೇಯಿಸಬೇಕಿಲ್ಲ. ಹಸಿಹಿಟ್ಟಾದರೆ ಪಿಷ್ಟ ಬೆಂದಿರುವುದಿಲ್ಲ. ನಾಲಗೆಗೆ ಮರಳು ಮರಳು, ಹೊಟ್ಟೆಗೆ ಉಬ್ಬರ.

ಮೂರು ದೊಡ್ಡ ಚಮಚ ಹುರಿಹಿಟ್ಟಿಗೆ ಮೊದಲು ನಾಲ್ಕು ಚಮಚದಷ್ಟೇ ಮಜ್ಜಿಗೆ ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಉಳಿದ 150 ಮಿಲಿ ಹಾಕಿ ತೆಳ್ಳಗೆ ಮಾಡಿ. ಒಮ್ಮೆಗೇ ಸುರಿದರೆ ಹಿಟ್ಟಿನ ಹೊರಮೈ ನೀರು ಹೀರಿ ಗಂಟು ಕಟ್ಟುತ್ತದೆ, ಒಳಗೆ ಒಣಹಿಟ್ಟು ಹಾಗೇ ಉಳಿಯುತ್ತದೆ. ಹಾಲಿನಲ್ಲಿ ಮಾಡುವುದಾದರೆ ಉಗುರುಬೆಚ್ಚಗಿರಲಿ, ಬೆಲ್ಲ ಒಂದು ಚಮಚ ದಾಟದಿರಲಿ. ಮನೆಯಲ್ಲಿ ಹಸಿಹಿಟ್ಟೇ ಇದ್ದರೆ ಅಂಬಲಿ ಮಾಡಿ: ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಲ್ಲಿ ಕದಡಿ, ಕುದಿಯುವ ಒಂದೂವರೆ ಲೋಟ ನೀರಿಗೆ ಹುಯ್ದು, ಹಸಿವಾಸನೆ ಹೋಗಿ ಹೊಳಪು ಬರುವ ತನಕ ಆರೇಳು ನಿಮಿಷ ತಿರುವಿ. ಚೆನ್ನಾಗಿ ಆರಿದ ಮೇಲೆ ಮಜ್ಜಿಗೆ. ಬಿಸಿಗೆ ಹಾಕಿದರೆ ಒಡೆಯುತ್ತದೆ.

ಮೊಸರವಲಕ್ಕಿಯೂ ಒಳ್ಳೆಯದೇ. ತೆಳು ಅವಲಕ್ಕಿಯನ್ನು ನೆನೆಸಬೇಡಿ, ನೇರವಾಗಿ ಮೊಸರಿಗೆ ಹಾಕಿ. ರಾತ್ರಿ ಮೊಸರು ತಿಂದರೆ ಶೀತ ಅನ್ನುವುದು ಹಳೆಯ ನಂಬಿಕೆ. ನೆಗಡಿ ತರುವುದು ವೈರಸ್, ಮೊಸರಲ್ಲ. ಬಾಳೆಹಣ್ಣು? ಒಂದು ಏಲಕ್ಕಿ ಬಾಳೆ, ಧಾರಾಳವಾಗಿ. ಮೊಳಕೆ ಕಾಳನ್ನು ಹಸಿಯಾಗಿ ಬೇಡ, ಹಬೆಯಲ್ಲಿ ಐದು ನಿಮಿಷ ಬೇಯಿಸಿ. 'ರಾಗಿ ಬಿಸ್ಕತ್ತು' ಎಂದು ಬರೆದ ಪೊಟ್ಟಣದ ಹಿಂಬದಿ ತಿರುಗಿಸಿ ನೋಡಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲು ಮೈದಾ, ಆಮೇಲೆ ಸಕ್ಕರೆ, ರಾಗಿ ಎಲ್ಲೋ ಬಾಲದಲ್ಲಿದ್ದರೆ ಅದು ಮೈದಾ ಬಿಸ್ಕತ್ತೇ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಲೆಕ್ಕ ಬೇರೆ. ನಡುರಾತ್ರಿ ಬೆವರು, ನಡುಕದ ಜೊತೆ ಹಸಿವಾದರೆ ಗ್ಲೂಕೋಮೀಟರ್‌ನಲ್ಲಿ ರಕ್ತದ ಸಕ್ಕರೆ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಕಡಲೆಬೀಜ, ಹುರಿಗಡಲೆ ಆ ಗಳಿಗೆಗೆ ಉಪಯೋಗಕ್ಕಿಲ್ಲ, ಅವು ನಿಧಾನ. ಮೂರು ತುಂಬು ಚಮಚ (15 ಗ್ರಾಂ) ಸಕ್ಕರೆ ಅಥವಾ ಗ್ಲೂಕೋಸ್ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ ಮೊಸರವಲಕ್ಕಿ ತಿನ್ನಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಆಸ್ಪತ್ರೆಗೆ ಕರೆದೊಯ್ಯಬೇಕು. ಹೀಗೆ ಮತ್ತೆ ಮತ್ತೆ ಆಗುತ್ತಿದ್ದರೆ ಔಷಧದ ಪ್ರಮಾಣದ ಬಗ್ಗೆ ವೈದ್ಯರನ್ನೇ ಕೇಳಿ.

ದಿನಾ ತಪ್ಪದೆ ಹನ್ನೊಂದಕ್ಕೆ ಹಸಿವಾಗುವವರು ಎಂಟು ಗಂಟೆಯ ತಟ್ಟೆಯನ್ನೊಮ್ಮೆ ನೋಡಿಕೊಳ್ಳಬೇಕು. ಅನ್ನಕ್ಕೆ ತಿಳಿಸಾರು ಮಾತ್ರ ಆದರೆ ಹಸಿವಾಗದೆ ಇನ್ನೇನು? ಅರ್ಧ ಬಟ್ಟಲು ಹೆಸರುಕಾಳಿನ ಪಲ್ಯವೋ ಗಟ್ಟಿ ಹುಳಿಯೋ ಸೇರಿದರೆ ಎಷ್ಟೋ ರಾತ್ರಿ ಡಬ್ಬಿ ತೆರೆಯುವ ಪ್ರಸಂಗವೇ ಬರುವುದಿಲ್ಲ. ಎದೆಯುರಿ ಇರುವವರು ತಿಂದು ಎರಡು ಮೂರು ಗಂಟೆ ಮಲಗದಿರುವುದು ಲೇಸು. ಅಷ್ಟು ಕಾಯಲಾಗದಿದ್ದರೆ ಕುಡಿಯುವ ಅಂಬಲಿಗೇ ನಿಲ್ಲಿಸಿ, ಎಡಮಗ್ಗುಲಲ್ಲಿ ಮಲಗಿ.

ಮಂಡಕ್ಕಿ ಹಲ್ಲಿನ ಸಂದಿಯಲ್ಲಿ ಅಂಟಿಕೊಳ್ಳುತ್ತದೆ, ನಿದ್ದೆಯಲ್ಲಿ ಬಾಯಲ್ಲಿ ಜೊಲ್ಲು ಊರುವುದೂ ಕಡಿಮೆ. ಹಲ್ಲುಜ್ಜಿದ ಮೇಲೆ ತಿಂದಿದ್ದರೆ ಇನ್ನೊಮ್ಮೆ ಉಜ್ಜಿಯೇ ಮಲಗಬೇಕು.